ಅವ್ವನಿಗೆ ಒಪ್ಪಿಸಿದ ಪುಟಗಳು

ಸೇವಾ ನಿಯಮಗಳ ಪುಸ್ತಕದ ಒಂದೇ ಪುಟವನ್ನು ನಾನು ಹತ್ತೊಂಬತ್ತು ಸಲ ಓದಿದ್ದೇನೆ. ಹತ್ತೊಂಬತ್ತು ಸಲವೂ ಅದು ನನಗೆ ಹೊಸದೇ ಆಗಿತ್ತು. ಇಷ್ಟು ಖಚಿತವಾಗಿ ಹೇಗೆ ಹೇಳುತ್ತೇನೆಂದರೆ, ಓದಿ ಮುಗಿಸಿದಾಗಲೆಲ್ಲ ಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆಯುತ್ತಿದ್ದೆ. ಗೆರೆ ನೋಡಿದರೆ ಓದಿದ್ದೇನೆಂದು ಗೊತ್ತಾಗುತ್ತಿತ್ತು. ಪುಟ ನೋಡಿದರೆ ಗೊತ್ತಾಗುತ್ತಿರಲಿಲ್ಲ.

ಹೋದ ವರ್ಷ ಒಬ್ಬ ತಾಯಿ, ನನಗೂ ಮೆದುಳುಜ್ವರ ಬಂದಿತ್ತೆಂದು ಕೇಳಿ, ತನ್ನ ಹತ್ತನೆಯ ಇಯತ್ತೆಯ ಮಗಳನ್ನು ಕರೆದುಕೊಂಡು ಕಚೇರಿಯಲ್ಲಿ ನನ್ನ ಟೇಬಲ್ಲಿನವರೆಗೆ ಬಂದಳು. ಹುಡುಗಿಗೆ ಮೆದುಳುಜ್ವರ ಬಂದು ಹೋಗಿತ್ತು. ಓದಿದ್ದು ನಿಲ್ಲುವುದಿಲ್ಲ, ಶಾಲೆಯಲ್ಲಿ ಸೋಮಾರಿ ಅನ್ನುತ್ತಾರೆ ಅಂತ ತಾಯಿ ಅತ್ತಳು. ಹುಡುಗಿ ಅಳಲಿಲ್ಲ, ನೆಲ ನೋಡುತ್ತ ನಿಂತಿದ್ದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಅವಳಿಗೆ ಅವತ್ತು ಅರ್ಧ ಗಂಟೆಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ವೈದ್ಯಕೀಯ ವಿವರ ಬೇಕಾದವರು ಡಾಕ್ಟರರನ್ನು ಕೇಳಲಿ. ನನಗೆ ಗೊತ್ತಿರುವುದು ನನ್ನ ತಲೆಯ ಸಮಾಚಾರ ಮಾತ್ರ.

ನಮ್ಮಪ್ಪ ಕಾಲುವೆಯ ಮೇಲೆ ನೀರುಗಂಟಿಯಾಗಿದ್ದ. ತೂಬು ತೆರೆಯುವುದು, ಮುಚ್ಚುವುದು, ದಂಡೆಯ ಮೇಲೆ ನಡೆಯುವುದು ಅವನ ಕೆಲಸ. ಅವನು ತೀರಿಕೊಂಡ ಮೇಲೆ ಅನುಕಂಪದ ಆಧಾರದ ಮೇಲೆ ನನಗೆ ಶಹಾಪುರದ ಹತ್ತಿರದ ಕಾಲುವೆ ಕ್ಯಾಂಪಿನ ಕಚೇರಿಯಲ್ಲಿ ಗುಮಾಸ್ತೆಯ ನೌಕರಿ ಸಿಕ್ಕಿತು. ಷರತ್ತು ಒಂದೇ. ಪ್ರೊಬೇಷನ್ ಮುಗಿಯುವುದರೊಳಗೆ ಇಲಾಖಾ ಪರೀಕ್ಷೆ ಪಾಸಾಗಬೇಕು, ಇಲ್ಲದಿದ್ದರೆ ಮನೆಗೆ. ನಾನು ನಕ್ಕಿದ್ದೆ. ಸುರಪುರದ ಕಾಲೇಜಿನಲ್ಲಿ ಬಸ್ಸು ಬರುವಷ್ಟರಲ್ಲಿ ಒಂದು ಪಾಠ ಓದಿ ಪರೀಕ್ಷೆಯಲ್ಲಿ ಹಾಗೇ ಇಳಿಸುತ್ತಿದ್ದವಳು ನಾನು. ಗೆಳತಿಯರು ನನ್ನನ್ನು ಟೇಪ್ ರೆಕಾರ್ಡರ್ ಎಂದು ಕರೆಯುತ್ತಿದ್ದರು, ಅದಕ್ಕೆ ನನಗೆ ಜಂಬವೂ ಇತ್ತು. ಇಪ್ಪತ್ತೆರಡು ವಯಸ್ಸು. ತಲೆ ಎನ್ನುವುದು ಕೈಕೊಡುವ ವಸ್ತು ಎಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಕಾಲುವೆಗೆ ನೀರು ನಿಲ್ಲಿಸುವ ಬಿರುಬೇಸಿಗೆಯಲ್ಲಿ ತಲೆನೋವು ಶುರುವಾಯಿತು. ಕಚೇರಿಯವರು ಬಿಸಿಲು ಹತ್ತಿದೆ ಎಂದರು, ಅವ್ವ ದೃಷ್ಟಿ ತೆಗೆದಳು. ಮೂರನೆಯ ದಿನ ನಾನು ಅವ್ವನನ್ನು ನೋಡಿ "ನೀವು ಯಾರ್ರಿ?" ಎಂದೆನಂತೆ. ಆಮೇಲಿನದು ನನಗೆ ಗೊತ್ತಿಲ್ಲ, ಎಲ್ಲ ಕೇಳಿ ತಿಳಿದದ್ದು. ಗುರುಮಠಕಲ್‌ನಿಂದ ನರಸಪ್ಪ ಮಾಮ, ಅಂದರೆ ಅವ್ವನ ತಮ್ಮ, ಓಡಿ ಬಂದ. ಬಾಡಿಗೆ ಜೀಪಿನಲ್ಲಿ ಗುಲಬರ್ಗಾಕ್ಕೆ ಒಯ್ದರು. ಜೇವರ್ಗಿ ದಾಟುವಾಗ ನನಗೆ ಫಿಟ್ಸ್ ಬಂತು.

ಆಸ್ಪತ್ರೆಯಲ್ಲಿ ಬೆನ್ನುಹುರಿಯಿಂದ ನೀರು ತೆಗೆದು ಪರೀಕ್ಷೆ ಮಾಡಬೇಕೆಂದರು. ಮಾಮ ಅಡ್ಡ ನಿಂತ. "ವದ್ದು ಅಕ್ಕಾ, ಬ್ಯಾಡ, ಬೆನ್ನಾಗಿನ ನೀರು ತಗದ್ರ ಮನುಷ್ಯಾ ನಡು ಬಿದ್ದು ಹೋಗ್ತಾನ. ನಮ್ಮೂರಾಗ ಒಬ್ಬಾಂವ ಹಂಗ ಸತ್ತಾನ," ಎಂದ. ಅವ್ವ ಅವನನ್ನು ಪಕ್ಕಕ್ಕೆ ಸರಿಸಿದಳು. ಕಾಗದ ಹಿಡಿದು ನಿಂತಿದ್ದ ಲೇಡಿ ಡಾಕ್ಟರಿಗೆ ಹೇಳಿದಳು: "ಡಾಕ್ಟರವ್ವ, ನನಗ ಓದಾಕ ಬರಂಗಿಲ್ಲ. ನೀ ಓದಿ ಹೇಳು. ತಿಳದ ಮ್ಯಾಲ ಹೆಬ್ಬಟ್ಟು ಒತ್ತತೀನಿ."

ಡಾಕ್ಟರು ಓದಿದರು. ಪ್ರತಿ ಸಾಲಿಗೂ ಅವ್ವ "ಅಂದ್ರ?" ಅನ್ನುತ್ತಿದ್ದಳಂತೆ. ಹಿಂದೆ ಕಾಯುತ್ತಿದ್ದವರು ಬೈದರೂ ಬಿಡಲಿಲ್ಲ. ಕೊನೆಗೆ ಹೆಬ್ಬೆಟ್ಟು ಒತ್ತಿದಳು. ಆ "ಅಂದ್ರ" ನನ್ನನ್ನು ಉಳಿಸಿತೆಂದು ನಾನು ಹೇಳುವುದಿಲ್ಲ, ಉಳಿಸಿದ್ದು ಔಷಧ. ಆದರೆ ಆ ಡಾಕ್ಟರಿಗೆ ಅವ್ವ ನೆನಪಿನಲ್ಲಿ ಉಳಿದಳು, ಅದರಿಂದ ಮುಂದೆ ನನಗೆ ಬಹಳ ಉಪಕಾರವಾಯಿತು.

ಇಪ್ಪತ್ತೇಳು ದಿನ ವಾರ್ಡಿನಲ್ಲಿದ್ದೆ. ಎದ್ದು ಕುಳಿತ ಮೇಲೆ ಅವ್ವನ ಗುರುತು ಸಿಕ್ಕಿತು, ಮಾತು ಬಂತು, ಕೈಕಾಲು ಆಡಿದವು. ಎಲ್ಲರೂ ಬದುಕಿದಳು ಎಂದರು. ಮಾಮ ವಾರ್ಡಿಗೆಲ್ಲ ಪೇಡೆ ಹಂಚಿದ. ಪಕ್ಕದ ಹಾಸಿಗೆಯ ಮುದುಕಿಯೊಬ್ಬಳು ದಿನಾ ನನಗೆ ಅರ್ಧ ಮೋಸಂಬಿ ಸುಲಿದು ಕೊಡುತ್ತಿದ್ದಳು. ಅವಳು ಯಾರ ತಾಯಿ, ಯಾವೂರು ಎಂದು ನಾನು ದಿನಾ ಕೇಳುತ್ತಿದ್ದೆನಂತೆ, ಅವಳು ಬೇಸರವಿಲ್ಲದೆ ದಿನಾ ಹೇಳುತ್ತಿದ್ದಳಂತೆ. ಅವಳ ಊರು ಈಗಲೂ ನನಗೆ ಗೊತ್ತಿಲ್ಲ. ಮೋಸಂಬಿ ಮಾತ್ರ ನೆನಪಿದೆ.

ಏನೋ ಎಡವಟ್ಟಾಗಿದೆಯೆಂದು ತಿಳಿದದ್ದು ಒಂದು ಹಳೆಯ ದಿನಪತ್ರಿಕೆಯಿಂದ. ಯಾರೋ ಬಿಟ್ಟುಹೋಗಿದ್ದ ಪತ್ರಿಕೆ ಓದಿ ಮಡಚಿಟ್ಟೆ. ಸ್ವಲ್ಪ ಹೊತ್ತಿಗೆ ಅದನ್ನೇ ಎತ್ತಿಕೊಂಡು ಓದತೊಡಗಿದೆ. ಅವ್ವ ನೋಡಿ, "ಅದನ್ನ ಈಗ ಓದಿದೆಲ್ಲ?" ಎಂದಳು. ಇಲ್ಲ ಎಂದು ಜಗಳಕ್ಕೆ ನಿಂತೆ. ಅವ್ವ ಪತ್ರಿಕೆಗೆ ನಾನೇ ಹಾಕಿದ್ದ ಮಡಿಕೆಯನ್ನು ಬೆರಳಿನಿಂದ ತೋರಿಸಿದಳು.

ಕಂಡದ್ದು, ಕೇಳಿದ್ದು ತಕ್ಕಮಟ್ಟಿಗೆ ನಿಲ್ಲುತ್ತಿತ್ತು, ದಿನದಿಂದ ದಿನಕ್ಕೆ ಸುಧಾರಿಸುತ್ತಲೂ ಇತ್ತು. ಓದಿದ್ದು ಮಾತ್ರ ಉಳಿಯುತ್ತಿರಲಿಲ್ಲ. ಅಕ್ಷರ ಬರುತ್ತಿತ್ತು, ಅರ್ಥವಾಗುತ್ತಿತ್ತು, ಪುಟ ತಿರುಗಿಸಿದೊಡನೆ ಹೋಗಿಬಿಡುತ್ತಿತ್ತು. ಸೋರುವ ಕೊಡದಲ್ಲಿ ನೀರು ಹೊತ್ತಂತೆ. ಡಾಕ್ಟರು ಇದಕ್ಕೆ ಗುಳಿಗೆಯಿಲ್ಲ, ಸಮಯ ಬೇಕು ಎಂದರು. ನನ್ನ ಬಳಿ ಇಲ್ಲದೇ ಇದ್ದದ್ದು ಅದೇ. ಕಾಯಿಲೆಯ ಕಾರಣಕ್ಕೆ ಪ್ರೊಬೇಷನ್ ಅವಧಿಯನ್ನು ಒಂದು ವರ್ಷ ಮುಂದಕ್ಕೆ ಹಾಕಿದ್ದರು. ಅದರಲ್ಲಿ ಪರೀಕ್ಷೆಗೆ ಎರಡು ಅವಕಾಶ.

ಕಚೇರಿಗೆ ಹಿಂತಿರುಗಿದಾಗ ಯಾರಿಗೂ ಹೇಳಲಿಲ್ಲ. ಹೇಳಿದರೆ ತಲೆ ಕೆಟ್ಟವಳು ಎನ್ನುವ ಮಾತು ಸಂಜೆಯೊಳಗೆ ಕ್ಯಾಂಪಿನ ಎಲ್ಲ ಮನೆಗಳ ಒಲೆಯ ಮುಂದೆ ಇರುತ್ತಿತ್ತು. ಜೊತೆಗೆ ಅಪ್ಪನ ಜಾಗದಲ್ಲಿ ಬಂದ ಹುಡುಗಿ, ಕೇರಿಯ ಹುಡುಗಿ. ಇವರಿಗೆ ಓದು ಎಲ್ಲಿ ಹತ್ತುತ್ತದೆ ಎಂದು ಹೇಳಲು ಕಾದು ಕುಳಿತವರೂ ಇದ್ದರು. ಅವರ ಬಾಯಿಗೆ ನನ್ನ ಕಾಯಿಲೆಯನ್ನು ಕೊಡುವ ಮನಸ್ಸಿರಲಿಲ್ಲ. ಆದ್ದರಿಂದ ಪ್ರತಿ ಪತ್ರವನ್ನೂ ಟೇಬಲ್ ಮೇಲೆ ತೆರೆದಿಟ್ಟುಕೊಂಡು, ಒಂದೊಂದು ಸಾಲಿಗೆ ಬೆರಳಿಟ್ಟು ಕೆಲಸ ಮಾಡುತ್ತಿದ್ದೆ. ಯಾರಾದರೂ ಬಂದು ಮಾತಾಡಿಸಿದರೆ ಬೆರಳು ತೆಗೆಯುತ್ತಿರಲಿಲ್ಲ. ಕಚೇರಿಯಲ್ಲಿ ನಾನು ಬಲು ಶ್ರದ್ಧೆಯವಳೆಂಬ ಹೆಸರು ಬಂತು, ಅದೊಂದು ತಮಾಷೆ.

ಮನೆಯಲ್ಲಿ ಓದಿನ ಉಪಾಯಗಳ ಸಂತೆ ನೆರೆದಿತ್ತು. ಹತ್ತು ಸಲ ಬರೆ ಎಂದರು, ಬರೆದೆ. ಕೈಗೆ ಬಾಯಿಪಾಠವಾಯಿತು, ತಲೆಗೆ ಆಗಲಿಲ್ಲ. ಮುಖ್ಯ ಸಾಲಿಗೆ ಕೆಂಪು ಗೆರೆ ಎಳೆ ಎಂದರು. ಎಲ್ಲವೂ ಮುಖ್ಯವೆನಿಸಿ ಪುಸ್ತಕವೆಲ್ಲ ಕೆಂಪಾಯಿತು. ಚೀಟಿ ಬರೆದು ಗೋಡೆಗೆ ಅಂಟಿಸಿದೆ. ಬುದ್ಧನ ಫೋಟೋದ ಸುತ್ತ ಒಂದು ಮೊಳ ಜಾಗ ಬಿಟ್ಟು ಉಳಿದ ಗೋಡೆಯೆಲ್ಲ ಚೀಟಿಯಾಯಿತು, ಆ ಖೋಲಿಯೊಳಗೆ ಹೋದರೆ ಉಸಿರು ಕಟ್ಟುತ್ತಿತ್ತು. ಮಾಮ ಗುರುಮಠಕಲ್‌ನಿಂದ ಒಂದೆಲಗದ ಎಣ್ಣೆ ತಂದು ನೆತ್ತಿಗೆ ತಿಕ್ಕಿದ. ನೆತ್ತಿ ತಂಪಾಯಿತು. ಅಷ್ಟೇ.

ನಡುವೆ ಮೊದಲ ಪರೀಕ್ಷೆ ಬಂತು. ಒಂದು ಪತ್ರಿಕೆಗೆ ಪುಸ್ತಕ ನೋಡಿ ಬರೆಯಬಹುದಿತ್ತು. ಬಚಾವಾದೆ ಎಂದುಕೊಂಡೆ. ಒಳಗೆ ಕುಳಿತ ಮೇಲೆ ತಿಳಿಯಿತು, ಯಾವುದು ಎಲ್ಲಿದೆ ಎಂಬ ನೆನಪಿಲ್ಲದವಳಿಗೆ ಪುಸ್ತಕ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ. ಮೂರು ಗಂಟೆ ಪುಟ ಮಗುಚಿದೆ, ಪಕ್ಕದವರು ಸದ್ದು ಮಾಡಬೇಡಿ ಎಂದರು. ಫೇಲಾದೆ. ಉಳಿದದ್ದು ಒಂದೇ ಅವಕಾಶ.

ಆಮೇಲೆ ನಡೆದದ್ದನ್ನು ಬರೆಯಲು ಈಗಲೂ ನಾಚಿಕೆ. ಬೆಳಿಗ್ಗೆ ಕಾಲುವೆಯ ಬೇರೆ ಬೇರೆ ಕಡೆಯಿಂದ ನೀರಿನ ಮಟ್ಟ ವೈರ್‌ಲೆಸ್‌ನಲ್ಲಿ ಬರುತ್ತಿತ್ತು. ನಾನದನ್ನು ರಿಜಿಸ್ಟರಿನಲ್ಲಿ ಬರೆದು, ದೊಡ್ಡ ಕಚೇರಿಗೆ ಫೋನಿನಲ್ಲಿ ಓದಿ ಹೇಳಬೇಕು. ಮಟ್ಟ ಇಳಿದಿದ್ದರೆ ಅವರು ಮೇಲಿನ ಗೇಟು ಎತ್ತಿಸುತ್ತಾರೆ. ಫೋನು ಇದ್ದದ್ದು ಬೇರೆ ಕೋಣೆಯಲ್ಲಿ. ದಿನಾ ರಿಜಿಸ್ಟರನ್ನು ಅಪ್ಪಿಕೊಂಡೇ ಹೋಗುತ್ತಿದ್ದೆ. ಒಂದು ದಿನ ಸಾಹೇಬರು ರಿಜಿಸ್ಟರು ತರಿಸಿಕೊಂಡಿದ್ದರು, ಫೋನು ಬಡಿದುಕೊಳ್ಳುತ್ತಿತ್ತು. ಬರೆದು ಐದು ನಿಮಿಷವಾಗಿದೆ, ನೆನಪಿದ್ದೇ ಇರುತ್ತದೆ ಎಂದು ಎತ್ತಿದೆ. ಅಂಕಿ ಇರಲಿಲ್ಲ. ನಾಲಗೆಗೆ ಬಂದ ಒಂದು ಅಂಕಿ ಹೇಳಿದೆ. ಅದು ಹಿಂದಿನ ದಿನದ್ದು.

ಅವರು ಗೇಟು ಎತ್ತಿಸಲಿಲ್ಲ, ಇಳಿದಿದ್ದ ನೀರು ಇನ್ನೂ ಇಳಿಯಿತು. ಎರಡು ದಿನದ ಮೇಲೆ ಕಾಲುವೆಯ ಕೊನೆಯ ಹಳ್ಳಿಗಳ ರೈತರು ಟ್ರ್ಯಾಕ್ಟರಿನಲ್ಲಿ ಬಂದು ಕಚೇರಿಯ ಮುಂದೆ ಕೂತರು. ಅವರ ಭತ್ತ ತೆನೆಗೆ ಬಂದಿತ್ತು. ನಮ್ಮ ಹೆಡ್‌ಕ್ಲರ್ಕ್ ಮೆಹಬೂಬಸಾಬರು ಅವರಿಗೆ ಚಹಾ ಕೊಡಿಸಿ, ಒಳಗೆ ಬಂದು ರಿಜಿಸ್ಟರು ತೆರೆದರು. ಬಹಳ ಹೊತ್ತು ನೋಡಿದರು.

"ಬೇಟಿ, ಬರದದ್ದು ಒಂದ ಅದ, ಹೇಳಿದ್ದು ಒಂದ ಅದ. ಹ್ಯಾಂಗ?"

ನಾನು ಎಲ್ಲ ಹೇಳಿಬಿಟ್ಟೆ. ಎಂಟು ತಿಂಗಳಲ್ಲಿ ಮೊದಲ ಸಲ ಒಬ್ಬರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ನಾ ಮುಚ್ಚಿಡ್ತೀನಿ ಅಂತ ತಿಳಕೋಬ್ಯಾಡ. ಹೊರಗ ಕುಂತವ್ರು ಸುಳ್ಳ ಕುಂತಿಲ್ಲ. ಸಾಹೇಬ್ರಿಗೆ ನೀನ ಹೋಗಿ ಹೇಳು. ನಾ ಬಾಜೂಕ ನಿಂದರ್ತೀನಿ."

ಪಕ್ಕದಲ್ಲಿ ನಿಂತರು ಕೂಡ. ಸಾಹೇಬರು ಬೈಯಲಿಲ್ಲ, ಅದು ಇನ್ನೂ ಕಷ್ಟವಾಯಿತು. ನೀರಿನ ಮಟ್ಟದ ಕೆಲಸ ತೆಗೆದು ಟಪಾಲಿನ ಟೇಬಲ್ ಕೊಟ್ಟರು. "ಪರೀಕ್ಷೆ ಪಾಸಾದರೆ ಇರ್ತೀರಿ, ಇಲ್ಲಂದ್ರ ನನ್ನ ಕೈಯಾಗ ಏನೂ ಇಲ್ಲಮ್ಮ," ಎಂದರು. ಮಧ್ಯಾಹ್ನ ಆ ರೈತರ ನಡುವೆಯೇ ದಾಟಿ ಮನೆಗೆ ಹೋಗಬೇಕಿತ್ತು. ಒಬ್ಬ ಮುದುಕ ನನ್ನನ್ನು ನೀರು ಕೇಳಿದ, ಕುಡಿಯುವ ನೀರು. ತಂದುಕೊಟ್ಟೆ. ಇವಳೇ ತಪ್ಪು ಅಂಕಿ ಹೇಳಿದವಳೆಂದು ಅವನಿಗೆ ಗೊತ್ತಿರಲಿಲ್ಲ, "ಚಲೋ ಆಗ್ಲಿ ತಂಗಿ" ಎಂದ. ಮನೆಗೆ ಹೋಗಿ ಚೀಟಿಗಳನ್ನೆಲ್ಲ ಗೋಡೆಯಿಂದ ಕಿತ್ತು ಒಲೆಗೆ ಹಾಕಿದೆ.

ಪರೀಕ್ಷೆಗೆ ಐದು ತಿಂಗಳಿರುವಾಗ ಗುಲಬರ್ಗಾಕ್ಕೆ ತಪಾಸಣೆಗೆ ಹೋದೆವು. ಹೊರರೋಗಿಗಳ ಬೆಂಚಿನ ಮೇಲೆ ನಾಲ್ಕು ತಾಸು. ಅದೇ ಲೇಡಿ ಡಾಕ್ಟರು. ನಾನು ಉಪಾಯಗಳ ಪಟ್ಟಿ ಒಪ್ಪಿಸಿದೆ, ಸಿಟ್ಟಿನಿಂದಲೇ. ಅವರು ಕೇಳಿದರು:

"ಇಷ್ಟೆಲ್ಲ ಮಾಡೀರಿ, ಪುಸ್ತಕ ಮುಚ್ಚಿ ಯಾವಾಗರೆ ಹೇಳೀರೇನು?"

"ಮುಚ್ಚಿದ್ರ ಏನೂ ಇರಂಗಿಲ್ರಿ. ಅದಕ್ಕ ಮುಚ್ಚಂಗಿಲ್ಲ."

"ಅದಕ್ಕ ಮುಚ್ಚಬೇಕು. ಒಳಗ ಹಾಕೋದು ಭಾಳ ಆಯ್ತು, ಹೊರಗ ತಗಿಯೋದು ಕಲೀರಿ. ಅರ್ಧ ಪುಟ ಓದ್ರಿ, ಮುಚ್ಚಿ ಯಾರಿಗರೆ ಹೇಳ್ರಿ. ತಪ್ಪಿದ್ದು ನೋಡ್ಕೊಂಡು ಮತ್ತ ಹೇಳ್ರಿ. ಮರುದಿನ ಪುಸ್ತಕ ತೆಗಿಯೂಕಿಂತ ಮೊದಲ ಹಿಂದಿನ ದಿನದ್ದು ಹೇಳ್ರಿ. ಮನ್ಯಾಗ ಯಾರ ಇದ್ದಾರ?"

ಅವ್ವನ ಕಡೆ ತೋರಿಸಿದೆ. "ಆಕಿಗೆ ಓದು ಬರಂಗಿಲ್ರಿ."

ಡಾಕ್ಟರಿಗೆ ನಗು ಬಂತು. "ನನಗ ಗೊತ್ತದ. ಕಾಗದ ಓದಿಸಿಕೊಂಡು ನನಗ ಬೆವರು ಇಳಿಸ್ಯಾರ ಇವ್ರು. ಓದಿದವ್ರು ತಲಿ ಆಡಸ್ತಾರ, ಇವ್ರು ಕೇಳ್ತಾರ. ಇವರಿಗೇ ಹೇಳ್ರಿ."

ಮರುದಿನ ಬೆಳಿಗ್ಗೆ ಅವ್ವ ರೊಟ್ಟಿ ಬಡಿಯಲು ಕುಳಿತಾಗ ಎದುರಿಗೆ ಕುಳಿತೆ. ಅರ್ಧ ಪುಟ ಓದಿ ಪುಸ್ತಕ ಮುಚ್ಚಿದೆ. ಏನೂ ಇರಲಿಲ್ಲ. ಕತ್ತಲ ಕೋಣೆಯಲ್ಲಿ ಬಾಗಿಲು ತಡವಿದಂತೆ ತಡವಿದೆ. "ಒಬ್ಬ ನೌಕರ..." ಎಂದೆ.

"ಯಾರು?" ಎಂದಳು ಅವ್ವ.

"ಯಾರೂ ಅಲ್ಲವ್ವ, ನಿಯಮದಾಗ ಹಂಗ ಬರದಿರ್ತಾರ."

"ಯಾರೂ ಅಲ್ಲದಾಂವ ನನಗ ತಿಳಿಯಂಗಿಲ್ಲ. ಒಬ್ಬರ ಹೆಸರು ಹೇಳು."

ಇದು ಅವಳ ಹಟ. ಹೊಲದಲ್ಲಿ ಕೆಲಸ ಮಾಡುವವಳು, ಇಡೀ ಕ್ಯಾಂಪಿನ ಮೂರು ತಲೆಮಾರಿನ ಸಂಬಂಧಗಳನ್ನು ತಲೆಯಲ್ಲಿಟ್ಟುಕೊಂಡವಳು. ಅವಳಿಗೆ ಮನುಷ್ಯರಿಲ್ಲದ ಸಂಗತಿ ಎಂಬುದೇ ಇರಲಿಲ್ಲ. ನನಗೆ ರೇಗಿತು. ಆದರೂ ಮೆಹಬೂಬಸಾಬರನ್ನು ಮುಂಬಡ್ತಿಯ ನಿಯಮದಲ್ಲಿ ನಿಲ್ಲಿಸಿದೆ. ವರ್ಗಾವಣೆಯ ನಿಯಮಕ್ಕೆ ಕೊಡೇಕಲ್ ಕಡೆಯ ಒಬ್ಬ ನೀರಿನ ಮಟ್ಟ ಬರೆಯುವವನನ್ನು ಹಿಡಿದು ಯಾದಗಿರಿಗೆ ಹಾಕಿದೆ. ಹೊಸ ಜಾಗಕ್ಕೆ ಹೋಗಿ ಸೇರಲು ನೌಕರನಿಗೆ ಇಷ್ಟು ದಿನ ಎಂದು ಕೊಡುತ್ತಾರೆ ಎಂದಾಗ ಅವ್ವ ಕೈ ನಿಲ್ಲಿಸಿದಳು.

"ಅವನ ಹೆಂಡ್ತಿ ಬಸುರಿ ಅದಾಳ. ಸಾಮಾನು ಸರಂಜಾಮು ಹೊತ್ಕೊಂಡು ಎಷ್ಟ್ ಬಸ್ ಬದ್ಲಿ ಮಾಡಬೇಕು? ಅಷ್ಟ್ ದಿನ ಸಾಕಾಗ್ತಾವೇನು?"

"ನಿಯಮ ಹೆಂಡ್ತೀನ್ನ ಕೇಳಂಗಿಲ್ಲವ್ವ."

"ಕೇಳಬೇಕಾಗಿತ್ತು," ಎಂದು ರೊಟ್ಟಿ ತಿರುವಿ ಹಾಕಿದಳು.

ಮರುದಿನ ನಾನು ಪುಸ್ತಕ ಹಿಡಿಯುವ ಮೊದಲೇ ಕೇಳಿದಳು: "ಕೊಡೇಕಲ್‌ನಾಂವ ಮುಟ್ಟಿದ್ನೇನು?"

ಮುಟ್ಟಿದ್ದ. ಅವನು ಎಷ್ಟು ದಿನದೊಳಗೆ ಸೇರಬೇಕು, ತಡವಾದರೆ ಏನು, ಯಾರಿಗೆ ಬರೆಯಬೇಕು, ಎಲ್ಲ ಒಂದರ ಹಿಂದೆ ಒಂದು ಬಂದವು. ನಾನು ಬಾಯಿಗೆ ಕೈ ಇಟ್ಟುಕೊಂಡು ಅತ್ತೆ. ಅವ್ವ ಮಾತ್ರ, "ಚಲೋ ಆತು, ಹೆಂಡ್ತಿ ಅಡ್ಡಾಡಿ ದಣಿದಿರ್ತಾಳ," ಎಂದು ಅವಳ ಚಿಂತೆಯಲ್ಲೇ ಇದ್ದಳು.

ಅದು ಪವಾಡವಲ್ಲ. ಮೂರರಲ್ಲಿ ಒಂದು ಪುಟ ಹಾಗೆ ಉಳಿಯುತ್ತಿತ್ತು. ಕೆಲವು ದಿನ ಯಾವುದೂ ಉಳಿಯುತ್ತಿರಲಿಲ್ಲ, ಪುಸ್ತಕ ಎಸೆದು ಅವ್ವನನ್ನೂ ಬೈಯುತ್ತಿದ್ದೆ. ದಿನಕ್ಕೆ ಅರ್ಧ ಪುಟ, ಒಂದು ಪುಟ. ನಿನ್ನೆಯದು, ಮೊನ್ನೆಯದು, ಹೋದ ವಾರದ್ದು ಎಂದು ಹಳೆಯದನ್ನು ಮತ್ತೆ ಮತ್ತೆ ಕೇಳಿಸುವುದು. ಅವ್ವ ಊರಿನವರ ಸುದ್ದಿ ಕೇಳುವ ಹಾಗೆಯೇ ಕೇಳುತ್ತಿದ್ದಳು, ಅಮಾನತಾದವನ ಗತಿ ಏನಾಯಿತು, ಮೇಲ್ಮನವಿ ಹಾಕಿದನೋ ಇಲ್ಲವೋ ಅಂತ. ನಿಯಮಗಳ ಪುಸ್ತಕ ನಿಧಾನವಾಗಿ ನಮ್ಮ ಕ್ಯಾಂಪೇ ಆಗಿಬಿಟ್ಟಿತು.

ಪರೀಕ್ಷೆಗೆ ಐದು ವಾರವಿದ್ದಾಗ ರಜೆಯ ಅಧ್ಯಾಯಕ್ಕೆ ಬಂದೆವು. ಅವತ್ತು ನಾನು ಒಳ್ಳೆಯ ಹುರುಪಿನಲ್ಲಿದ್ದೆ. ಗಳಿಕೆ ರಜೆ, ಅರ್ಧ ವೇತನದ ರಜೆ, ಕಾಯಿಲೆ ಬಿದ್ದವನು ಡಾಕ್ಟರ ಚೀಟಿ ಕೊಟ್ಟು ಅರ್ಧ ವೇತನದ ರಜೆಯನ್ನೇ ಪೂರ್ತಿ ಸಂಬಳದ ರಜೆಯಾಗಿ ಬದಲಿಸಿಕೊಳ್ಳುವುದು, ಎಲ್ಲ ಪುಸ್ತಕ ಮುಚ್ಚಿ ಗಡಗಡ ಹೇಳಿದೆ. ಒಂದೂ ತಪ್ಪಲಿಲ್ಲ.

"ಇದು ಯಾರಿಗೆ?" ಎಂದಳು ಅವ್ವ.

"ಕಾಯಂ ಆದವರಿಗೆಲ್ಲ."

"ಒಬ್ಬರ ಹೆಸರು ಹೇಳು."

ಹುರುಪಿನಲ್ಲಿದ್ದೆನಲ್ಲ, ಯೋಚಿಸದೆ ಅಂದೆ: "ಅಪ್ಪ ಇದ್ದನಲ್ಲ, ಅಂಥವರಿಗೆ."

ಹಂಚಿನ ಮೇಲಿನ ರೊಟ್ಟಿ ಕರಕಾಗುವವರೆಗೆ ಅವ್ವ ಅಲುಗಲಿಲ್ಲ.

"ನಿಮ್ಮಪ್ಪಗ ರಜಾ ಇತ್ತೇನು?"

ಅಪ್ಪ ಹದಿನಾಲ್ಕು ವರ್ಷ ದಿನಗೂಲಿಯಲ್ಲಿದ್ದ. ದಿನಗೂಲಿಯವನಿಗೆ ಬಾರದ ದಿನ ಗೈರು, ನಾಲ್ಕು ದಿನ ಗೈರಾದರೆ ಪಟ್ಟಿಯಿಂದ ಹೆಸರು ಮಾಯ. ಸಾಯುವ ಎರಡು ವರ್ಷ ಮೊದಲು ಅವನಿಗೆ ಕಾಯಂ ಆದೇಶ ಬಂತು. ಅದನ್ನು ಪೆಟ್ಟಿಗೆಯಲ್ಲಿ ಧೋತರದ ಮಡಿಕೆಯೊಳಗಿಟ್ಟ. ಕಾಯಂ ಎಂದರೆ ಇನ್ನು ಯಾರೂ ತೆಗೆಯುವುದಿಲ್ಲ ಎಂದು ಮಾತ್ರ ಅವನಿಗೆ ತಿಳಿದಿತ್ತು, ಅದೂ ಪೂರ್ತಿ ನಂಬಿಕೆಯಿಲ್ಲ. ಕಾಮಣಿಯಾಗಿ ಕಣ್ಣು, ಉಗುರು ಅರಿಸಿನವಾದ ಮೇಲೂ ಮೂರು ವಾರ ಕಾಲುವೆಯ ದಂಡೆಯ ಮೇಲೆ ನಡೆದ. ಬೆಳಿಗ್ಗೆ ಏಳಲಾರೆನೆಂದಾಗ ಅವ್ವ ಎಬ್ಬಿಸಿ, "ಹೋಗ್ರಿ, ಹಾಜರಿ ತಪ್ಪಿದ್ರ ಹೆಸರು ತಗೀತಾರ" ಎಂದು ಬುತ್ತಿ ಕಟ್ಟಿ ಕಳಿಸುತ್ತಿದ್ದಳು. ಹಾಗೆ ಕಳಿಸಿದ ಒಂದು ದಿನ ಅವನನ್ನು ಬಂಡಿಯಲ್ಲಿ ಹಾಕಿಕೊಂಡು ತಂದರು. ಮತ್ತೆ ಏಳಲಿಲ್ಲ.

"ಇಲ್ಲವ್ವ," ಎಂದೆ. "ಆವಾಗ ಇರಲಿಲ್ಲ. ಈಗ ಬಂದೈತಿ."

"ಯಾವಾಗ ಬಂತು? ಓದು."

"ಇದರಾಗ ಬರದಿಲ್ಲ."

"ಎಲ್ಲಾದಕ್ಕೂ ಯಾವಾಗಿಂದ ಅಂತ ಬರದಿರ್ತೈತಿ ಅಂತ ನೀನ ಹೇಳಿದಿ. ಓದು."

ನಾನೇ ಕಲಿಸಿದ್ದೆ. ಪುಸ್ತಕ ತೆಗೆದು ಓದಿದೆ. ಆ ನಿಯಮ ನಾನು ಹುಟ್ಟುವುದಕ್ಕಿಂತ ಹಳೆಯದು. ಅವ್ವ ಹಿಟ್ಟಿನ ಕೈ ತೊಳೆದು ಎದ್ದು ಹೊಲಕ್ಕೆ ಹೋದಳು. ಒಲೆ ಉರಿಯುತ್ತಲೇ ಇತ್ತು.

ಮೂರು ದಿನ ಅವಳು ಪುಸ್ತಕದ ಕಡೆ ನೋಡಲಿಲ್ಲ. ನಸುಕಿನಲ್ಲೇ ರೊಟ್ಟಿ ಮಾಡಿಟ್ಟು ಹೋಗುತ್ತಿದ್ದಳು. ನಾನು ಗೋಡೆಗೆ ಹೇಳಿ ನೋಡಿದೆ, ಎಮ್ಮೆಗೆ ಹೇಳಿ ನೋಡಿದೆ. ಅವು "ಅಂದ್ರ?" ಎನ್ನಲಿಲ್ಲ, ನನಗೂ ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ಕೈಗೆ ಸೂಜಿ ಚುಚ್ಚಿ ಮಂಚಕ್ಕೆ ಕಟ್ಟಿಹಾಕಿದ್ದಾಗಲೂ ಅಷ್ಟು ಸಿಕ್ಕಿಬಿದ್ದಂತೆ ಅನಿಸಿರಲಿಲ್ಲ. ನೌಕರಿ ಉಳಿಯಬೇಕೆಂದರೆ ಅವ್ವನಿಗೆ ಹೇಳಬೇಕು, ಹೇಳಿದರೆ ಅವಳ ಎದೆಗೇ ಬಡಿಯುತ್ತದೆ. ಬೇರೆ ದಾರಿ ನನಗೆ ಕಾಣಲಿಲ್ಲ. ನೌಕರಿ ಹೋದರೆ ಹೋಗಲಿ ಎಂದೂ ಅನಿಸಿತು. ಅದು ಅಪ್ಪನ ಸಾವಿನಿಂದ ಬಂದ ನೌಕರಿ ಎಂಬುದು ನೆನಪಾಗಿ ಹಾಗೆ ಅಂದುಕೊಳ್ಳುವುದಕ್ಕೂ ಆಗಲಿಲ್ಲ.

ನಾಲ್ಕನೆಯ ಬೆಳಿಗ್ಗೆ ಅವ್ವ ಎದುರಿಗೆ ಬಂದು ಕುಳಿತಳು. "ತಗಿ ಪುಸ್ತಕ."

"ಮುಂದಿನ ಅಧ್ಯಾಯ ಮಾಡೂಣವ್ವ."

"ರಜಾದ್ದು ಹೇಳು. ಮೊದಲಿಂದ ಹೇಳು."

ಹೇಳಿದೆ. ಅವತ್ತು ಮಾತ್ರವಲ್ಲ, ಪರೀಕ್ಷೆಯ ದಿನದವರೆಗೆ ಎಲ್ಲಕ್ಕಿಂತ ಮೊದಲು ಅದನ್ನೇ ಹೇಳಿಸಿಕೊಂಡಳು. ಎಷ್ಟು ದಿನ, ಯಾರಿಗೆ ಅರ್ಜಿ, ಚೀಟಿ ಯಾರು ಕೊಡಬೇಕು. ಒಮ್ಮೆಯೂ ಅಳಲಿಲ್ಲ. ಯಾರ ಹೆಸರನ್ನೂ ಕೇಳಲಿಲ್ಲ.

ಗುಲಬರ್ಗಾದ ಪರೀಕ್ಷಾ ಕೇಂದ್ರದಲ್ಲಿ ನನಗೆ ತಲೆ ಸಿಡಿಯಿತು, ಎರಡು ಪ್ರಶ್ನೆಗೆ ಏನೂ ಹೊಳೆಯದೆ ಜಾಗ ಬಿಟ್ಟೆ. ರಜೆಯ ಪ್ರಶ್ನೆ ಇತ್ತು. ಬರೆಯುವಾಗ ಜೋಳದ ಹಿಟ್ಟಿನ ವಾಸನೆ ಬಂದಂತಾಯಿತು, ಪೆನ್ನು ನಿಲ್ಲಲಿಲ್ಲ.

ಫಲಿತಾಂಶವನ್ನು ಮೆಹಬೂಬಸಾಬರೇ ಓದಿ ಹೇಳಿದರು. ಅಂಚಿನಲ್ಲಿ ದಾಟಿದ್ದೆ. "ದಾಟಿದಿ ನೋಡು ಬೇಟಿ. ಅಂಚಿನಾಗ ದಾಟಿದ್ರೂ ದಾಟಿದಂಗ," ಎಂದು ನಕ್ಕರು. ಇಲ್ಲೇ ಹೇಳಿಬಿಡುತ್ತೇನೆ, ನನ್ನ ತಲೆ ಮೊದಲಿನ ಹಾಗಾಗಲಿಲ್ಲ. ಇಂದಿಗೂ ಹೊಸ ಸುತ್ತೋಲೆ ಬಂದರೆ ಓದಿ, ಮುಚ್ಚಿ, ಯಾರಿಗಾದರೂ ಹೇಳಿದ ಮೇಲೆಯೇ ಅದು ನನ್ನದಾಗುವುದು. ಫಿಟ್ಸ್‌ನ ಗುಳಿಗೆ ಇನ್ನೂ ನುಂಗುತ್ತೇನೆ. ಹೋದ ವರ್ಷ ನನ್ನ ಟೇಬಲ್ಲಿಗೆ ಬಂದ ಆ ಹುಡುಗಿಗೂ ಇದನ್ನೇ ಹೇಳಿದೆ.

ಫಲಿತಾಂಶ ಬಂದ ದಿನ ಅರ್ಧ ದಿನದ ರಜೆ ಬರೆದುಕೊಟ್ಟು ಸುರಪುರ ರಸ್ತೆಯ ಮೆಣಸಿನಕಾಯಿ ಹೊಲಕ್ಕೆ ಓಡಿದೆ. ಅವ್ವ ಎಂಟು ಹತ್ತು ಹೆಂಗಸರ ಸಾಲಿನಲ್ಲಿ ಬಗ್ಗಿ ಕಾಯಿ ಬಿಡಿಸುತ್ತಿದ್ದಳು.

"ಪಾಸಾದ್ನೆವ್ವ."

"ಹೌದಾ?" ಎಂದಳು. ಸೊಂಟಕ್ಕೆ ಕೈ ಕೊಟ್ಟು ನೆಟ್ಟಗಾದಳು. "ರಜಾದ್ದು ಕೇಳಿದ್ರೇನು?"

"ಕೇಳಿದ್ರು."

"ಏನ್ ಬರದಿ? ಹೇಳು."

ಬದುವಿನ ಮೇಲೆ ನಿಂತು ಹೇಳಿದೆ, ಶಾಲೆಯ ಹುಡುಗಿಯ ಹಾಗೆ. ಹೆಂಗಸರು ಕೈ ನಿಲ್ಲಿಸಿ ನೋಡಿದರು. ನಾನು ಮುಗಿಸಿದ ಮೇಲೆ ಅವ್ವ ಅವರ ಕಡೆ ತಿರುಗಿದಳು.

"ಇಕಿ ಅಪ್ಪಗ ರಜಾ ಇತ್ತಂತ," ಎಂದಳು. "ಯಾರೂ ಹೇಳಲಿಲ್ಲ. ನಾ ಎಬ್ಬಿಸಿ ಎಬ್ಬಿಸಿ ಕಳಸ್ದೆ."

ಒಬ್ಬಳು ಬಂದು ಅವ್ವನ ರಟ್ಟೆ ಹಿಡಿದುಕೊಂಡಳು. ಸಾಲಿನ ಕೊನೆಯಲ್ಲಿದ್ದ ಕೊಂಕಲ್‌ನ ಒಬ್ಬ ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ಕೇಳಿದಳು: "ತಂಗಿ, ನನ್ನ ಮಗನೂ ಕಾಲುವಿ ಮ್ಯಾಲ ಅದಾನ. ಕಾಯಂ ಆಗಿ ವರ್ಷ ಆತು. ಟಿ.ಬಿ. ಐತಿ ಅಂದಾರ, ಕೆಮ್ಮಕೋತ ಹೋಗ್ತಾನ. ಅವಗೂ ಐತೇನು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಶುರು ಮಾಡಿಬಿಟ್ಟಿದ್ದಳು. ಗಳಿಕೆ ರಜೆಯಿಂದ ಹಿಡಿದು, ಒಂದನ್ನೂ ಬಿಡದೆ, ನಾನು ಹೇಳಿದ ಕ್ರಮದಲ್ಲೇ ಹೇಳಿದಳು. ನಡುವೆ ಡಾಕ್ಟರ ಚೀಟಿಯ ಮಾತು ಬಂದಾಗ ನಿಂತು, ನಾನು ಈಗಷ್ಟೇ ಅದನ್ನು ಹೇಳಲು ಮರೆತಿದ್ದೆನೆಂದು ನನ್ನ ಕಡೆ ಒಮ್ಮೆ ನೋಡಿದಳು.

"ಚೀಟಿ ಇಲ್ಲಾಂದ್ರ ಆಗಂಗಿಲ್ಲ," ಎಂದಳು ಮುದುಕಿಗೆ. "ನಾಳಿ ದವಾಖಾನಿಗೆ ಕರಕೊಂಡ್ ಹೋಗು. ಅರ್ಜಿ ಇಕಿ ಬರದ ಕೊಡ್ತಾಳ. ಅವನ್ನ ಎಬ್ಬಸಬ್ಯಾಡ, ಮಲಕ್ಕೊಳ್ಳಲಿ."